ಐದನೇ ದೂರು

ಆ ಮನೆಯಲ್ಲಿ ಬಾಗಿಲು ಅಂತ ಉಳಿದಿದ್ದದ್ದು ಬೀದಿಬಾಗಿಲು ಒಂದೇ. ಮಿಕ್ಕ ನಾಲ್ಕನ್ನೂ, ಬಚ್ಚಲಿನದನ್ನೂ ಸೇರಿಸಿ, ಮೇಸ್ತ್ರಿ ಒಂದೇ ಬೆಳಗ್ಗೆ ತಿರುಪು ಬಿಚ್ಚಿ ಹಜಾರದ ಗೋಡೆಗೆ ಒರಗಿಸಿಟ್ಟಿದ್ದರು. ಯಾಕೆ ಅಂತ ಕೇಳಿದರೆ, "ಒಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ?" ಎಂದಿದ್ದರು. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆಯುವುದೇ ಅವರ ಕಸುಬಾಗಿತ್ತು. ಈಗ ಅವರೇ ಹತ್ತೊಂಬತ್ತು ದಿನದಿಂದ ಮಾನಸಿಕ ಆಸ್ಪತ್ರೆಯ ಬೀಗದ ಹಿಂದೆ ಇದ್ದರು. ಮನೆಯವರು ಬಚ್ಚಲಿಗೆ ಹಳೇ ಹಾಸಿಗೆಬಟ್ಟೆ ಕಟ್ಟಿಕೊಂಡು, ಒಳಗಿದ್ದಷ್ಟು ಹೊತ್ತೂ ಕೆಮ್ಮುತ್ತಲೋ ಹಾಡುತ್ತಲೋ ಕಾಲ ಹಾಕುತ್ತಿದ್ದರು. ಅಳಿಯನಿಗೆ ಹಾಡು ಬಾರದು. ಅವನು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದ.

ಲಕೋಟೆ ಬಂದದ್ದು ಶನಿವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಮೇಸ್ತ್ರಿಯ ಹೆಂಡತಿ ಆಲೂಗಡ್ಡೆ ಬಡಿಸುತ್ತಿದ್ದರು. ಮೊಮ್ಮಗಳು ಹುಟ್ಟಿದಂದಿನಿಂದ ಅವರು ಬೀದಿಯವರಿಗೆಲ್ಲ ಅಜ್ಜಿಯೇ ಆಗಿಬಿಟ್ಟಿದ್ದರು. ಅಳಿಯ ಬ್ರೆಡ್ಡಿನ ವ್ಯಾನು ಓಡಿಸುವವನು. ಮಾರಾಟವಾಗದೆ ಉಳಿದ ಬ್ರೆಡ್ಡು ಮನೆಗೇ ಬರುತ್ತಿತ್ತು, ಆ ಮನೆಯಲ್ಲಿ ಇವತ್ತಿನ ಬ್ರೆಡ್ಡನ್ನು ಇವತ್ತೇ ತಿಂದವರಿಲ್ಲ. ಮಗಳು ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನ್ ಮೇಜಿನಲ್ಲಿ ಕೂರುವವಳು. ನೋವಾಗುವುದಿಲ್ಲ, ಈಗ ಕರೀತಾರೆ, ಚೂರೇ ಚೂರು ಅಂತ ದಿನಕ್ಕೆ ನಲವತ್ತು ಸಲ ಹೇಳಿ ಹೇಳಿ ಅವಳ ದನಿಯೇ ಮೆತ್ತಗಾಗಿತ್ತು. ಲಕೋಟೆ ಒಡೆದವಳು ಹದಿನಾಲ್ಕರ ಮೊಮ್ಮಗಳು.

"ಪರಿಶೀಲನಾ ಮಂಡಳಿ ಅಂತೆ. ತಾತ ದೂರು ಕೊಟ್ಟಿದಾರೆ!" ಎಂದಳು ಹುಡುಗಿ, ತಾತ ಬಹುಮಾನ ಗೆದ್ದ ಹಾಗೆ.

"ಯಾರ ಮೇಲೆ?" ಅಳಿಯ ಬ್ರೆಡ್ಡು ಕೆಳಗಿಟ್ಟ.

"ಒಪ್ಪಿಗೆಯಿಲ್ಲದೆ ದಾಖಲಿಸಿ ಇಟ್ಟುಕೊಂಡಿರುವ ಬಗ್ಗೆ, ಅಂತ ಇದೆ. ಆಸ್ಪತ್ರೆ ಮೇಲೆ ಇರ್ಬೇಕು. ಮನೆಯವರು ಹತ್ತು ದಿನದೊಳಗೆ ಉತ್ತರ ಕೊಡಬೇಕಂತೆ. ಆಮೇಲೆ ವಿಚಾರಣೆ."

"ಓದು," ಎಂದರು ಅಜ್ಜಿ. ಸೌಟು ಕೈಯಲ್ಲೇ ಇತ್ತು.

ಮೇಸ್ತ್ರಿ ದೂರನ್ನು ತಮಗೆ ಗೊತ್ತಿದ್ದ ರೀತಿಯಲ್ಲೇ ಬರೆದಿದ್ದರು, ಅಂದರೆ ಲಿಫ್ಟಿನ ಸರ್ವೀಸ್ ಪುಸ್ತಕ ಬರೆಯುವ ಹಾಗೆ. ತಾರೀಖು, ವೇಳೆ, ದೋಷ, ಕ್ರಮ. ಹುಡುಗಿ ನಿಂತೇ ಓದಿದಳು.

"ದೋಷ ಒಂದು. ವಾರ್ಡಿನ ಬಾಗಿಲಿಗೆ ಒಳಗಿನಿಂದ ತೆರೆಯುವ ವ್ಯವಸ್ಥೆ ಇಲ್ಲ. ದೋಷ ಎರಡು. ಎಷ್ಟು ದಿನ ಎಂದು ಆರು ಸಲ ಕೇಳಿದೆ. ನೋಡೋಣ ಎಂದರು. ನೋಡೋಣ ಎಂಬುದು ಅವಧಿ ಅಲ್ಲ. ದೋಷ ಮೂರು. ಕನ್ನಡಕ, ಬೆಲ್ಟು, ಉಪಕರಣದ ಚೀಲ ತೆಗೆದುಕೊಂಡರು, ರಶೀದಿ ಕೊಡಲಿಲ್ಲ. ದೋಷ ನಾಲ್ಕು. ಕೊಡುವ ಮಾತ್ರೆಯ ಹೆಸರು ಹೇಳುವುದಿಲ್ಲ. ಕೈ ನಡುಗುತ್ತಿದೆ. ನಡುಗುವ ಕೈಯಿಂದ ಈ ಕಸುಬು ಆಗದು."

ಅಜ್ಜಿ ಕಣ್ಣೊರೆಸಿಕೊಂಡರು. ಅಳಿಯನಿಗೆ ನಗು ಬಂದು, ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು.

"ದೋಷ ಐದು," ಹುಡುಗಿ ಮುಂದುವರಿಸಿದಳು. "ಲಿಫ್ಟ್ ಕೆಟ್ಟು ಮೂರು ಜನ ಒಳಗೆ ಸಿಕ್ಕಿದ್ದಾರೆ, ಒಬ್ಬಾಕೆ ಗರ್ಭಿಣಿ, ಎಂದು ನನ್ನನ್ನು ಇಲ್ಲಿಗೆ ಕರೆಸಲಾಯಿತು. ಕೆಲಸ ಮಾಡಲು ಬಿಡಲಿಲ್ಲ. ಈ ಕಟ್ಟಡದಲ್ಲಿ ಲಿಫ್ಟೇ ಇಲ್ಲ ಎನ್ನುತ್ತಾರೆ. ಇಲ್ಲದ ಲಿಫ್ಟಿಗೆ ನನ್ನನ್ನು ಏಕೆ ಕರೆಸಿದರು? ಆ ಮೂವರು ಹೊರಬಂದರೋ ಇಲ್ಲವೋ, ಯಾರೂ ಹೇಳುತ್ತಿಲ್ಲ. ಇದಕ್ಕೆ ಮೊದಲು ಉತ್ತರ ಬೇಕು."

ಹುಡುಗಿ ತಲೆ ಎತ್ತಿದಳು. "ಯಾವ ಲಿಫ್ಟು? ಪಾಪ ತಾತ. ಏನೇನೋ ಕಾಣ್ತಿದೆ ಅವರಿಗೆ."

ಅಜ್ಜಿ ಮಗಳ ಮುಖ ನೋಡಿದರು. ಮಗಳು ತನ್ನ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ನಾಲ್ಕು ಮಾಡಿ, ಎಂಟು ಮಾಡಿ, ತಿನ್ನದೆ ಎದ್ದು ಹೋದಳು.

ಏನಾಗಿತ್ತೆಂದರೆ, ನಿವೃತ್ತಿಯಾದ ಎರಡನೇ ವರ್ಷಕ್ಕೆ ಮೇಸ್ತ್ರಿಗೆ ನಿದ್ದೆ ಬಿಟ್ಟುಹೋಗಿತ್ತು. ಊಟವೂ ಅಷ್ಟಕ್ಕಷ್ಟೇ. ತಾವು ಹಿಂದೆ ನೋಡಿಕೊಳ್ಳುತ್ತಿದ್ದ ಕಟ್ಟಡಗಳಿಗೆ ಹೋಗಿ, ಹಗ್ಗದ ಸದ್ದು ಸರಿಯಿಲ್ಲ ಅಂತ ಲಿಫ್ಟಿನ ಕರೆಂಟು ತೆಗೆದು, ಬಾಗಿಲ ಮುಂದೆ ಕುರ್ಚಿ ಹಾಕಿ ಕಾವಲು ಕೂರುತ್ತಿದ್ದರು. ಹಗ್ಗಕ್ಕೆ ಏನೂ ಆಗಿರಲಿಲ್ಲ. ಹೊಸ ಮೇಸ್ತ್ರಿ ಬಂದು ಎರಡು ಸಲ ನೋಡಿಹೋಗಿದ್ದ. ಒಂಬತ್ತನೇ ಮಹಡಿಯ ಮುದುಕಿಯೊಬ್ಬಳು ತರಕಾರಿ ಹೊತ್ತು ಮೆಟ್ಟಿಲು ಹತ್ತುತ್ತ ನಡುವೆ ಕುಸಿದು ಬಿದ್ದಳು. ಪೊಲೀಸರು ಬಂದರು. ಇನ್ನೊಂದು ಸಲ ಹೀಗಾದರೆ ನಾವೇ ಎಳಕೊಂಡು ಹೋಗ್ತೀವಿ ಅಂದರು. ಮಾನಸಿಕ ಆಸ್ಪತ್ರೆಗೆ ಸೇರಿಸಲು ಡಾಕ್ಟರ ಚೀಟಿ ಸಿಕ್ಕಿತು, ಮನೆಯವರ ಅರ್ಜಿಗೆ ಮಗಳು ರುಜುವನ್ನೂ ಹಾಕಿದಳು. ಆದರೆ ಮೇಸ್ತ್ರಿ ಮನೆ ಬಿಟ್ಟು ಕದಲಲೊಲ್ಲರು. ಆಗ ಮಗಳು ಹೊರಗೆ ಹೋಗಿ, ಮೊಬೈಲು ಕಿವಿಗಿಟ್ಟುಕೊಂಡೇ ಒಳಗೆ ಬಂದು ಹೇಳಿದಳು:

"ಅಪ್ಪ, ಆಸ್ಪತ್ರೆಯಿಂದ ಫೋನು. ಲಿಫ್ಟು ನಿಂತುಹೋಗಿದೆಯಂತೆ. ಒಳಗೆ ಮೂರು ಜನ."

ಮೇಸ್ತ್ರಿ ಅನುಮಾನದಿಂದ ನೋಡಿದರು. ಅದಕ್ಕೇ ಅವಳು ಗರ್ಭಿಣಿಯನ್ನೂ ಸೇರಿಸಿದಳು.

ಅಷ್ಟು ಸಾಕಾಯಿತು. ಮೇಸ್ತ್ರಿ ಮುಖ ತೊಳೆದು, ಒಗೆದ ಅಂಗಿ ಹಾಕಿ, "ಚೀಲ ಕೊಡು" ಎಂದು ಹೆಂಡತಿಗೆ ಕೈಚಾಚಿದರು. ಅಜ್ಜಿಗೆ ಎಲ್ಲಾ ಗೊತ್ತಿತ್ತು, ಆದರೂ ಚೀಲ ಕೊಟ್ಟರು. ವ್ಯಾನಿನಲ್ಲಿ ಅಳಿಯನ ಪಕ್ಕ ಕೂತು ಮೇಸ್ತ್ರಿ ಎಷ್ಟು ಮಹಡಿ, ಯಾವ ಕಂಪನಿ, ಕರೆಂಟು ತೆಗೆದಿದಾರಾ ಅಂತ ಎಷ್ಟೋ ತಿಂಗಳಿಂದ ಆಡದಿದ್ದ ನೆಟ್ಟಗಿನ ಮಾತು ಆಡಿದರು. ಆಸ್ಪತ್ರೆಯಲ್ಲಿ "ಲಿಫ್ಟ್ ಮೇಸ್ತ್ರಿ, ಕರೆಸಿದ್ರಂತೆ" ಎಂದು ಅವರು ಹೇಳಿದಾಗ ಒಬ್ಬಾತ ಜೊತೆಗಿದ್ದ ಮಗಳ ಕೈಲಿದ್ದ ಕಾಗದ ನೋಡಿ, "ಹೌದು ಹೌದು, ಬನ್ನಿ ಒಳಗೆ" ಎಂದ. ಅವರ ಹಿಂದೆ ಬಾಗಿಲು ಹಾಕಿಕೊಂಡಿತು. ಅವತ್ತು ಹುಡುಗಿ ಶಾಲೆಯಲ್ಲಿದ್ದಳು. ಅವಳಿಗೆ "ತಾತ ತಾವಾಗೇ ಹೋದ್ರು" ಎಂದು ಹೇಳಲಾಗಿತ್ತು.

ಲಕೋಟೆ ಬಂದ ಮೇಲಿನ ಬುಧವಾರ ಅಜ್ಜಿ, ಮಗಳು ಇಬ್ಬರೂ ಭೇಟಿಗೆ ಹೋದರು. ಭೇಟಿಯ ಕೋಣೆಯಲ್ಲಿ ನೆಲಕ್ಕೆ ತಿರುಪು ಹಾಕಿ ಕೂರಿಸಿದ ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಮೇಸ್ತ್ರಿ ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬಂದರು, ಬೆಲ್ಟು ಇರಲಿಲ್ಲವಲ್ಲ. ಮುಖ ತುಂಬಿಕೊಂಡಿತ್ತು. ಅಜ್ಜಿ ತಂದಿದ್ದ ಮೊಟ್ಟೆ ಬಿಡಿಸಲು ಹೋದರೆ ಬೆರಳು ನಡುಗಿ ಮೊಟ್ಟೆ ಮೇಜಿನ ಮೇಲೆ ಉರುಳಿತು. ಅಜ್ಜಿಯೇ ಬಿಡಿಸಿಕೊಟ್ಟರು.

"ನಿದ್ದೆ ಬರುತ್ತಾ?"

"ಬರುತ್ತೆ. ಸಿಕ್ಕಾಪಟ್ಟೆ ಬರುತ್ತೆ." ಮೇಸ್ತ್ರಿ ಮಗಳ ಕಡೆ ತಿರುಗಿದರು. "ಅಲ್ಲಮ್ಮಾ, ಫೋನು ಮಾಡಿದ್ದು ಯಾರು? ಗಂಡಸೋ ಹೆಂಗಸೋ?"

"ಯಾವ ಫೋನು ಅಪ್ಪ?" ಎಂದಳು ಮಗಳು. ಹಾಗೆ ಅನ್ನಬೇಕು ಅಂತ ಅವಳು ಅಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

"ಲಿಫ್ಟಿನದು. ಹೆಸರೇನಾದ್ರೂ ಹೇಳಿದ್ರಾ ಅಂತ. ಇಲ್ಲಿ ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂತಾರೆ. ಒಳಗೆ ಸಿಕ್ಕಿರೋರನ್ನ ಮೊದಲು ಮಾತಾಡಿಸ್ಬೇಕು ಕಣಮ್ಮ. ಕೀಲಿ ಗೀಲಿ ಎಲ್ಲಾ ಆಮೇಲೆ. ನಾನು ಬಂದಿದೀನಿ, ಇಂತಿಷ್ಟು ಹೊತ್ತಾಗುತ್ತೆ, ಅಂತ. ಯಾರೂ ಮಾತಾಡ್ಸದಿದ್ರೆ ಒಳಗಿರೋರು ಏನೇನೋ ಯೋಚನೆ ಮಾಡ್ಕೊಂಡು ಸತ್ತೇಹೋಗ್ತಾರೆ."

ಅಜ್ಜಿ ಬಾಯಿ ತೆರೆದರು. ಮಗಳು ಮೇಜಿನ ಕೆಳಗೆ ಅವರ ಮೊಣಕಾಲು ಅದುಮಿದಳು.

ಹೊರಗೆ ಡಾಕ್ಟರು ಸಿಕ್ಕರು. ವಯಸ್ಸಿನ್ನೂ ಚಿಕ್ಕದು, ಬಿಡುವಿಲ್ಲದೆ ಓಡಾಡುವ ಹೆಂಗಸು, ಆದರೂ ನಿಂತು ಮಾತಾಡಿದರು. "ಊಟ, ನಿದ್ದೆ ಎಲ್ಲಾ ಸುಧಾರಿಸಿದೆ. ಹಗ್ಗದ ಸದ್ದಿನ ಮಾತು ಬಿಟ್ಟಿದ್ದಾರೆ. ಆದ್ರೆ ಒಂದು ಭ್ರಮೆ ಮಾತ್ರ ಅಲ್ಲಾಡ್ತಾ ಇಲ್ಲ. ಲಿಫ್ಟ್ ರಿಪೇರಿಗೆ ಕರೆಸಿದ್ರು, ಮೂರು ಜನ ಸಿಕ್ಕಿದ್ರು ಅಂತ ಒಂದೇ ಸಮ. ನಮ್ಮದು ಒಂದೇ ಅಂತಸ್ತಿನ ಕಟ್ಟಡ. ತೋರಿಸಿದ್ವಿ, ಆದ್ರೂ ಒಪ್ಪಲ್ಲ. ಅದು ಹೋಗೋ ತನಕ ಮನೆಗೆ ಕಳಿಸೋದು ಕಷ್ಟ. ಸೋಮವಾರದಿಂದ ಮಾತ್ರೆ ಜಾಸ್ತಿ ಮಾಡಿದೀನಿ."

"ಜಾಸ್ತಿನಾ?" ಎಂದರು ಅಜ್ಜಿ.

"ಅದಕ್ಕೇ ಕೈ ನಡುಕ ಮೊದಲಿಗಿಂತ ಸ್ವಲ್ಪ ಜಾಸ್ತಿಯಾಗಿದೆ. ಈ ಲಿಫ್ಟಿನ ವಿಷಯ ಮನೇಲೂ ಮಾತಾಡ್ತಿದ್ರಾ?"

ಈಗ ಹೇಳಬೇಕಿತ್ತು. ಮಗಳಿಗೆ ಅದು ಗೊತ್ತಿತ್ತು. ಒಂದೇ ವಾಕ್ಯದ ಮಾತು. ಆದರೆ ಡಾಕ್ಟರ ಕೈಲಿದ್ದ ದಪ್ಪ ಕಡತ, ಅದರಲ್ಲಿ ತನ್ನದೇ ರುಜು, ಪಕ್ಕದಲ್ಲಿ ನಿಂತಿದ್ದ ನರ್ಸು, ಇವೆಲ್ಲ ನೋಡಿ ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಊಟ ಸರಿಯಾಗಿ ಮಾಡ್ತಾರಾ ಡಾಕ್ಟ್ರೇ?" ಎಂದಳು.

"ಈಗ ತಾನೇ ಹೇಳಿದೆನಲ್ಲ," ಎಂದರು ಡಾಕ್ಟರು.

ಬಸ್ಸಿನಲ್ಲಿ ತಾಯಿ ಮಗಳು ಬೇರೆ ಬೇರೆ ಸೀಟಿನಲ್ಲಿ ಕೂತರು. ಜಾಗ ಇರಲಿಲ್ಲ ಅಂತೇನಲ್ಲ.

ಆವತ್ತು ಸಂಜೆ ಅಡುಗೆಮನೆಯಲ್ಲಿ ಜಗಳ ಹತ್ತಿತು. ಬಾಗಿಲಿಲ್ಲದ ಮನೆಯಲ್ಲಿ ಜಗಳವಾಡುವುದು ದೊಡ್ಡ ಕಷ್ಟ. ಮೊದಲು ಪಿಸುಮಾತಿನಲ್ಲೇ ಶುರುವಾಯಿತು.

"ಹೇಳಿಬಿಡೇ," ಎಂದರು ಅಜ್ಜಿ, ಪಾತ್ರೆ ಉಜ್ಜುತ್ತ. "ಅವರು ನಿಜ ಹೇಳ್ತಿದ್ರೆ ಅದನ್ನೇ ಹುಚ್ಚು ಅಂತ ಬರ್ಕೊಂಡು ಮಾತ್ರೆ ನುಂಗಿಸ್ತಿದಾರೆ. ನಂಗೆ ಅನ್ನ ಇಳೀತಿಲ್ಲ."

"ಚೀಲ ಕೈಗೆ ಕೊಟ್ಟೋಳು ನೀನೇ ಅಲ್ವಾ? ಅವತ್ತು ಸುಮ್ನಿದ್ದೋಳು ಇವತ್ತು ಹೇಳು ಅಂತೀಯ."

"ಕೊಟ್ಟೆ. ಕೊಟ್ಟ ಕೈ ಇದೇ ನೋಡು. ಕಡಿದುಹಾಕು ಬೇಕಾದ್ರೆ."

ಅಳಿಯ ಹೊಸ್ತಿಲ ಮೇಲೆ ನಿಂತಿದ್ದ. ಬೆಳಗಿನ ಜಾವ ಎದ್ದು ವ್ಯಾನಿಗೆ ಹೋಗುವವನು, ಕಣ್ಣು ಕೆಂಪಗಿದ್ದವು. "ಅತ್ತೆ, ನನ್ನ ಮಾತು ಸ್ವಲ್ಪ ಕೇಳಿ. ಮೋಸ ಮಾಡಿ ಸೇರಿಸಿದೀರಿ ಅಂತ ಗೊತ್ತಾದ್ರೆ ಕೇಸು ನಮ್ಮ ಮೇಲೇ ತಿರುಗುತ್ತೆ. ವ್ಯಾನಲ್ಲಿ ಕೂರಿಸ್ಕೊಂಡು ಹೋದವನು ನಾನು. ಅದು ಬಿಡಿ. ನಾಳೆ ಮಾವನ್ನ ಬಿಟ್ಟುಬಿಟ್ರು ಅನ್ಕೊಳ್ಳಿ. ನೀವು ಅವರ ಹಿಂದೆ ಓಡ್ತೀರಾ? ಆ ಮುದುಕಿ ಬಿದ್ದದ್ದನ್ನ ನಾನು ಕಣ್ಣಾರೆ ನೋಡಿದೀನಿ. ಎತ್ತಿದ್ದೂ ನಾನೇ. ಎದೆ ಹಿಡ್ಕೊಂಡಿದ್ಲು ಅತ್ತೆ."

"ಹಾಗಂತ ಸುಳ್ಳಿನ ಮೇಲೆ ಎಷ್ಟು ದಿನ ಇಡ್ತೀರಪ್ಪಾ?"

"ಸುಳ್ಳು ಹೇಳದೇ ಇದ್ದಿದ್ರೆ ಅವರು ಬರ್ತಿದ್ರಾ?" ಮಗಳ ದನಿ ಏರಿತು. "ಎಲ್ಲರೂ ನನ್ನ ಮುಖ ನೋಡಿದ್ರಿ. ಏನಾದ್ರೂ ಮಾಡು, ಏನಾದ್ರೂ ಮಾಡು ಅಂತ. ಮಾಡಿದೆ. ಲಿಫ್ಟು ಅಂದ್ರೆ ಮಾತ್ರ ಬರ್ತಾರೆ ಅಂತ ನಂಗೆ ಗೊತ್ತಿತ್ತು, ಹೇಳಿದೆ. ಬಸುರಿ ಅಂತಾನೂ ಹೇಳಿದೆ. ಈಗ ನಾನೊಬ್ಬಳೇ ಕೆಟ್ಟೋಳಾ?"

ಅಷ್ಟರಲ್ಲಿ ಹಜಾರದಲ್ಲಿ ಪುಸ್ತಕ ಬಿದ್ದ ಸದ್ದಾಯಿತು. ಹುಡುಗಿ ಬಂದು ಅಪ್ಪನ ಪಕ್ಕ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ತಾತ ಹೇಳಿದ್ದು ನಿಜಾನಾ?"

"ಮರೀ, ನೀನು ಹೋಗಿ ಓದ್ಕೋ," ಎಂದ ಅಳಿಯ.

"ನಾನು ನನ್ನ ಫ್ರೆಂಡ್ಸಿಗೆಲ್ಲ ಹೇಳಿದೀನಿ ಅಪ್ಪ. ನಮ್ಮ ತಾತಂಗೆ ಇಲ್ಲದ ಲಿಫ್ಟು ಕಾಣುತ್ತೆ ಅಂತ. ಎಲ್ಲರೂ ನಕ್ರು. ನಾನೂ ನಕ್ಕೆ."

ಆಮೇಲಿನ ದಿನಗಳಲ್ಲಿ ಹುಡುಗಿ ಅಮ್ಮನ ಜೊತೆ ಮಾತು ಬಿಟ್ಟಳು. ತಟ್ಟೆ ತೆಗೆದುಕೊಂಡು ಹೋಗಿ, ಗೋಡೆಗೆ ಒರಗಿಸಿದ್ದ ಬಾಗಿಲುಗಳ ಹಿಂದೆ ಕೂತು ಊಟ ಮಾಡುತ್ತಿದ್ದಳು. ಅಳಿಯ ಭಾನುವಾರ ಬಚ್ಚಲಿನ ಬಾಗಿಲನ್ನು ತಿರುಗಿ ಕೂರಿಸಲು ಹೊರಟ. ಅಜ್ಜಿ ಬೇಡ ಅಂದರು, ಅವರು ಬಂದು ನೋಡಿದರೆ? ಅಳಿಯ ಸುತ್ತಿಗೆ ಕೆಳಗಿಟ್ಟು, "ಅವರು ಬರೋದು ಬೇಕೋ ಬೇಡವೋ ಮೊದಲು ತೀರ್ಮಾನ ಮಾಡಿ ಅತ್ತೆ, ನಾನಂತೂ ಇನ್ನು ಮಗ್ಗಿ ಹೇಳಲಾರೆ" ಎಂದ. ಕೊನೆಗೆ ಬಾಗಿಲು ಕೂತಿತು, ಚಿಲಕ ಮಾತ್ರ ಹಾಕಲಿಲ್ಲ.

ಉತ್ತರ ಬರೆಯುವ ಕೆಲಸ ಮಗಳದೇ. ಹಲ್ಲಿನ ಡಾಕ್ಟರ ಬಳಿ, ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಫಾರಂ ಬಿಡಿಸಿಟ್ಟುಕೊಂಡಳು. ಮೊದಲ ನಾಲ್ಕು ಸುಲಭವಾಗಿ ಮುಗಿದವು. ಕನ್ನಡಕ ಕೊಡಿಸಿ, ಮಾತ್ರೆಯ ಹೆಸರು ಹೇಳಿ ಎಂದು ಅವಳೂ ಆಸ್ಪತ್ರೆಯವರನ್ನು ಕೇಳಿಕೊಂಡು ಬರೆದಳು. ಐದರ ಮುಂದೆ ಪೆನ್ನು ನಿಂತಿತು. "ಅದು ನಾನು" ಅಂತ ಬರೆದಳು. ಹರಿದಳು. ಹೊಸ ಹಾಳೆಯಲ್ಲಿ "ಬೇರೆ ದಾರಿ ಇರಲಿಲ್ಲ" ಅಂತ ಬರೆದಳು. ಅದನ್ನೂ ಹರಿದಳು. ಅಷ್ಟರಲ್ಲಿ ಕೆನ್ನೆ ಊದಿದ ಗಂಡಸೊಬ್ಬ ಬಂದು, ತುಂಬಾ ಹೊತ್ತಾಗುತ್ತಾ ಅಂತ ಕೇಳಿದ. "ಇಲ್ಲ, ಈಗ ಕರೀತಾರೆ," ಎಂದಳು. ಒಳಗೆ ಡಾಕ್ಟರು ಇನ್ನೂ ಬಂದೇ ಇರಲಿಲ್ಲ. ಹಾಗೆ ಅಂದವಳೇ ಐದರ ಮುಂದೆ "ಈ ಬಗ್ಗೆ ನಮಗೆ ಯಾವ ಮಾಹಿತಿಯೂ ಇಲ್ಲ" ಎಂದು ಬರೆದು ಲಕೋಟೆ ಅಂಟಿಸಿದಳು. ಮಾರನೇ ದಿನ ಅಳಿಯ ಅದನ್ನು ಅಂಚೆಗೆ ಹಾಕಿದ. ಏನು ಬರೆದೆ ಅಂತ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಜ್ಜಿ ಮಾತ್ರ ಕೇಳಿದರು. "ಬರೆದ್ಯಾ?"

"ಬರೆದೆ."

"ನಿಜ ಬರೆದ್ಯಾ?"

"ಬರೆದೆ ಅಂದ್ನಲ್ಲಮ್ಮ."

ಅಜ್ಜಿಗೆ ಅವತ್ತು ಚೆನ್ನಾಗಿ ಊಟ ಸೇರಿತು. ಎರಡು ಸಲ ಬಡಿಸಿಕೊಂಡರು. ಅದನ್ನು ನೋಡಲಾರದೆ ಮಗಳು ಬಟ್ಟೆ ಒಣಹಾಕುವ ನೆಪ ಮಾಡಿ ಹೊರಗೆ ಹೋದಳು.

ವಿಚಾರಣೆ ನಲವತ್ತೊಂದನೇ ದಿನ, ಬೆಳಗ್ಗೆ ಹನ್ನೊಂದಕ್ಕೆ, ಆಸ್ಪತ್ರೆಯ ಕಚೇರಿಯಲ್ಲೇ ಇತ್ತು. ಉದ್ದನೆಯ ಮೇಜಿನ ಆಚೆ ಮೂವರು: ಅಧ್ಯಕ್ಷೆ, ಹೊರಗಿನಿಂದ ಬಂದ ಹಿರಿಯ ಡಾಕ್ಟರು, ಟಿಪ್ಪಣಿ ಬರೆದುಕೊಳ್ಳುವ ಒಬ್ಬರು. ಈಚೆ ವಾರ್ಡಿನ ಡಾಕ್ಟರು, ಮೇಸ್ತ್ರಿ, ಮನೆಯವರು. ಹುಡುಗಿ ಶಾಲೆ ತಪ್ಪಿಸಿ ಬಂದಿದ್ದಳು, ಯಾರ ಮಾತೂ ಕೇಳಿರಲಿಲ್ಲ. ಮೇಸ್ತ್ರಿಗೆ ಕನ್ನಡಕ ವಾಪಸ್ಸು ಸಿಕ್ಕಿತ್ತು. ದೂರಿನ ಕಾಗದ ಕೈಯಲ್ಲಿ ಎಷ್ಟು ನಡುಗುತ್ತಿತ್ತೆಂದರೆ ಅದರ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು.

ಒಂದರಿಂದ ನಾಲ್ಕರವರೆಗೆ ಅವರು ನಿಧಾನವಾಗಿ, ತೊದಲದೆ ಹೇಳಿದರು. ಮಾತ್ರೆಯ ಹೆಸರನ್ನು ಡಾಕ್ಟರು ಅಲ್ಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಎಷ್ಟು ದಿನ ಅಂತ ಹೇಳದೆ ಇರಬಾರದಿತ್ತು ಎಂದು ಹಿರಿಯ ಡಾಕ್ಟರು ಗದರಿದಂತೆ ಹೇಳಿದರು. ಅಜ್ಜಿಯ ಮುಖ ಅರಳಿತು.

"ಐದನೆಯದು," ಎಂದರು ಅಧ್ಯಕ್ಷೆ. ಕಾಗದ ತಿರುವಿದರು. "ಲಿಫ್ಟಿಗೆ ಕರೆಸಿದ್ರು ಅಂತೀರಿ. ಈ ಬಗ್ಗೆ ನಿಮ್ಮ ಮನೆಯವರು ಲಿಖಿತ ಉತ್ತರ ಕೊಟ್ಟಿದ್ದಾರೆ. ಯಾವ ಮಾಹಿತಿಯೂ ಇಲ್ಲ ಅಂತ."

ಅಜ್ಜಿ ಮೆಲ್ಲಗೆ ಮಗಳ ಕಡೆ ತಿರುಗಿದರು. ಅಳಿಯ ನೆಲ ನೋಡಿದ.

ಮೇಸ್ತ್ರಿ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಯಾರು ಬರೆದದ್ದು ಮೇಡಂ? ನನ್ನ ಮಗಳಾ?"

"ಹೌದು. ಅವರ ರುಜು ಇದೆ."

"ಹಾಗಾದ್ರೆ ಅದನ್ನ ಹೊಡೆದುಹಾಕಿ. ಐದನೇದನ್ನ." ಮೇಸ್ತ್ರಿಯ ದನಿ ಸಣ್ಣದಾಗಿತ್ತು. "ಡಾಕ್ಟ್ರಮ್ಮ ಹೇಳ್ತಾನೇ ಇದ್ರು, ಅದು ನಿಮ್ಮ ತಲೇಲಿ ಹುಟ್ಟಿದ್ದು ಅಂತ. ನಾನು ಒಪ್ಪಿರ್ಲಿಲ್ಲ. ಫೋನು ನೋಡಿದ್ದೆ, ಮಾತು ಕೇಳಿದ್ದೆ ಅನ್ಕೊಂಡಿದ್ದೆ. ಮಗಳು ಇಲ್ಲ ಅಂತ ಬರೆದಿದಾಳೆ ಅಂದ್ರೆ ಇಲ್ಲ. ಅವಳು ಸುಳ್ಳು ಹೇಳೋಳಲ್ಲ. ನಂಗೇ ಕೆಟ್ಟಿದೆ. ಎಷ್ಟು ದಿನ ಬೇಕೋ ಇಟ್ಕೊಳ್ಳಿ."

ಮೇಜಿನ ಆಚೆಯವರು ಬರೆದುಕೊಳ್ಳತೊಡಗಿದರು. ವಾರ್ಡಿನ ಡಾಕ್ಟರು ಸಮಾಧಾನದಿಂದ ತಲೆಯಾಡಿಸಿದರು. ಮಗಳು ಕುರ್ಚಿಯಿಂದ ಎದ್ದಳು.

"ಅವರ ತಲೇಲಿ ಹುಟ್ಟಿದ್ದಲ್ಲ ಅದು. ನಾನು ಹೇಳಿದ್ದು."

"ಏನು ಹೇಳಿದ್ದು?"

"ಲಿಫ್ಟು ಕೆಟ್ಟಿದೆ ಅಂತ. ಮೂರು ಜನ ಒಳಗಿದಾರೆ ಅಂತ. ಬಸುರಿ ಅಂತ. ಫೋನು ಬಂದಿರ್ಲಿಲ್ಲ. ಸುಮ್ನೆ ಕಿವಿಗಿಟ್ಕೊಂಡಿದ್ದೆ. ಅವರು ಬೇರೆ ಹೇಗೂ ಬರ್ತಿರ್ಲಿಲ್ಲ ಮೇಡಂ. ಉತ್ತರದಲ್ಲೂ ಸುಳ್ಳು ಬರೆದೆ." ಅವಳು ಅಪ್ಪನ ಕಡೆ ಕೈ ತೋರಿಸಿದಳು. "ಅವರು ಆರು ವಾರದಿಂದ ನಿಜಾನೇ ಹೇಳ್ತಿದಾರೆ."

ವಾರ್ಡಿನ ಡಾಕ್ಟರು ಕಡತ ತೆರೆದು ಏನೋ ಹುಡುಕಿ, ಹುಡುಕಿದ್ದು ಸಿಕ್ಕಿದ ಮೇಲೆ ಕಡತ ಮುಚ್ಚಿದರು. ಮಾತ್ರೆ ಜಾಸ್ತಿ ಮಾಡಿದ ದಿನದ ಪುಟ ಇರಬೇಕು. ಜಗಳವಾದ ಮೇಲೆ ಹುಡುಗಿ ಮೊದಲ ಬಾರಿಗೆ ಅಮ್ಮನ ಮುಖ ನೋಡಿದಳು.

ಮೇಸ್ತ್ರಿ ಮಗಳನ್ನೇ ನೋಡುತ್ತಿದ್ದರು.

"ಒಳಗೆ ಯಾರೂ ಇರ್ಲಿಲ್ವಾ?"

"ಇರ್ಲಿಲ್ಲ ಅಪ್ಪ."

"ಆ ಬಸುರಿ?"

"ಯಾರೂ ಇರ್ಲಿಲ್ಲ."

"ಸದ್ಯ," ಎಂದರು ಮೇಸ್ತ್ರಿ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಸದ್ಯ. ನಲವತ್ತು ದಿನದಿಂದ ಅವಳು ಏನಾದಳೋ ಅಂತ..."

ಮಂಡಳಿಯವರು ಒಂದು ಗಂಟೆ ಅವರವರೇ ಮಾತಾಡಿಕೊಂಡರು. ತೀರ್ಮಾನ ಓದಿ ಹೇಳಿದರು: ಮೇಸ್ತ್ರಿಗೆ ಕಾಯಿಲೆ ಇತ್ತು, ಚಿಕಿತ್ಸೆ ಇನ್ನೂ ಬೇಕು, ಆದರೆ ಭ್ರಮೆ ಎಂದು ಬರೆದುಕೊಂಡದ್ದು ಭ್ರಮೆಯಲ್ಲ. ಮಾತ್ರೆ ಇಳಿಸಿ, ಹನ್ನೆರಡು ದಿನ ನೋಡಿ, ತಾರೀಖು ಇಂಥದ್ದು ಎಂದು ಮೊದಲೇ ತಿಳಿಸಿ ಮನೆಗೆ ಕಳಿಸಬೇಕು. ವಾರಕ್ಕೊಮ್ಮೆ ಬಂದು ತೋರಿಸಬೇಕು. ಅಧ್ಯಕ್ಷೆ ಮಗಳಿಗೆ ಬೇರೆಯಾಗಿ ನಾಲ್ಕು ಮಾತು ಹೇಳಿದರು. ಅವು ಮೆತ್ತಗಿನ ಮಾತುಗಳಲ್ಲ. ಮಗಳು ಎಲ್ಲಕ್ಕೂ ಹೂಂ ಅಂದಳು. ಕೇಸೇನೂ ಆಗಲಿಲ್ಲ. ಅಳಿಯ ಹೊರಗೆ ಬಂದು ವ್ಯಾನಿಗೆ ಆತುಕೊಂಡು ನಿಂತು, ಬಹಳ ಹೊತ್ತು ಬೆವರು ಒರೆಸಿಕೊಂಡ.

ಆ ಹನ್ನೆರಡು ದಿನ ಮನೆಯಲ್ಲಿ ಯಾರಿಗೂ ನೆಟ್ಟಗೆ ಊಟ ಸೇರಲಿಲ್ಲ. ಮೇಸ್ತ್ರಿ ಬಂದ ಮೇಲೆ ಹೇಗೆ ಎಂಬುದೇ ಚಿಂತೆ. ಹೊರಗೆ ಹೋದರೆ ಜೊತೆಗೆ ಯಾರು ಹೋಗುವುದು, ಮಾತ್ರೆ ಯಾರು ಕೊಡುವುದು, ಮತ್ತೆ ನಿದ್ದೆ ಬಿಟ್ಟರೆ? ಅಳಿಯ ಬೆಳಗಿನ ಸುತ್ತು ಮುಗಿಸಿ ಹತ್ತಕ್ಕೆ ಮನೆಗೆ ಬರುವುದು, ಅಲ್ಲಿಯವರೆಗೆ ಅಜ್ಜಿ, ಸಂಜೆ ಹುಡುಗಿ, ಅಂತ ಗೊತ್ತುಮಾಡಿಕೊಂಡರು. ಮಾತ್ರೆ ಕೊಡುವುದು ಮಗಳ ಪಾಲಿಗೆ ಬಂತು. "ನನ್ನ ಕೈಯಿಂದ ತಗೋತಾರಾ?" ಎಂದು ಅವಳು ಕೇಳಿದಳು. ಅಜ್ಜಿ ಮಗಳ ಜೊತೆ ಅಡುಗೆಯ ಮಾತು ಬಿಟ್ಟು ಬೇರೆ ಮಾತು ಇನ್ನೂ ಶುರುಮಾಡಿರಲಿಲ್ಲ.

ಕರೆದುಕೊಂಡು ಬರುವ ದಿನ ಎಲ್ಲರೂ ವ್ಯಾನಿನಲ್ಲೇ ಹೋದರು. ಮೇಸ್ತ್ರಿ ಬೆಲ್ಟು ಬಿಗಿದುಕೊಂಡು, ಚೀಲ ಹೆಗಲಿಗೇರಿಸಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂದು ನಿಂತರು. ಕೈ ನಡುಕ ಕಡಿಮೆಯಾಗಿತ್ತು. ಹುಡುಗಿ ಓಡಿಹೋಗಿ ತೋಳು ಹಿಡಿದುಕೊಂಡಳು. ಅಳಿಯ ವ್ಯಾನಿನ ಬಾಗಿಲು ತೆಗೆದು, "ಬನ್ನಿ ಮಾವ," ಎಂದ.

ಮೇಸ್ತ್ರಿ ಕದಲಲಿಲ್ಲ. ಮಗಳನ್ನು ಕರೆದರು.

"ಎಲ್ಲಿಗೆ?"

"ಮನೆಗೆ ಅಪ್ಪ."

ಅವರು ಅವಳ ಮುಖವನ್ನು ಹುಡುಕುವವರಂತೆ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

"ಬರೆದುಕೊಡು," ಎಂದರು.

"ಅಪ್ಪ..."

"ಹೇಳಿದ್ರೆ ಸಾಲ್ದಮ್ಮ. ಬರೆದುಕೊಡು."

ಮಗಳು ಚೀಲ ತಡಕಾಡಿ ಪೆನ್ನು ತೆಗೆದಳು. ಕಾಗದ ಇರಲಿಲ್ಲ. ಬಿಡುಗಡೆ ಪತ್ರದ ಹಿಂಬದಿಯನ್ನೇ ವ್ಯಾನಿನ ಮೈಗೆ ಆನಿಸಿಟ್ಟು ಬರೆದಳು: ನನ್ನ ತಂದೆಯನ್ನು ನಮ್ಮ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬೇರೆಲ್ಲಿಗೂ ಅಲ್ಲ. ಕೆಳಗೆ ರುಜು, ತಾರೀಖು, ವೇಳೆ. ಅಕ್ಷರಗಳು ಹಾವು ಹರಿದ ಹಾಗಿದ್ದವು.

ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಆಮೇಲೆ ಕಾಗದವನ್ನೂ ಪೆನ್ನನ್ನೂ ಹೆಂಡತಿಯ ಮುಂದೆ ಹಿಡಿದರು.

"ನೀನೂ ಹಾಕು."

ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು, ಮಗಳ ಹೆಸರಿನ ಕೆಳಗೆ ತಮ್ಮ ಹೆಸರು ಬರೆದರು. ಮೇಸ್ತ್ರಿ ಕಾಗದವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಗುಂಡಿ ಹಾಕಿ, ವ್ಯಾನು ಹತ್ತಿದರು.